ರಾತ್ರಿ ಹಡಗು, ಹಗಲು ದ್ವೀಪ

ಲಕ್ಷದ್ವೀಪಕ್ಕೆ ವಿಮಾನವೂ ಇದೆ. ಆದರೆ ರಜೆ ಕಮ್ಮಿ ಇದ್ದವರು ಕೊಚ್ಚಿಯಿಂದ ಹಡಗು ಹತ್ತುವುದೇ ಒಳ್ಳೆಯದು. ನಾವು ಹೋಗಿದ್ದು 'ಸಮುದ್ರಂ' ಎಂಬ ಹಡಗು ಪ್ರವಾಸದ ಪ್ಯಾಕೇಜಿನಲ್ಲಿ, ಎಂ.ವಿ. ಕವರತ್ತಿ ಹಡಗಿನಲ್ಲಿ. ಸುಮಾರು 700 ಜನ ಹಿಡಿಸುವ ಹಡಗು ಅದು. ಊರಿಗೆ ಹೊರಟ ದ್ವೀಪದವರೂ ಜೊತೆಗಿರುತ್ತಾರೆ. ರಾತ್ರಿ ನಾವು ಮಲಗಿದಾಗ ಹಡಗು ಸಾಗುತ್ತದೆ. ಕಣ್ಣು ಬಿಟ್ಟಾಗ ಹೊಸ ದ್ವೀಪ ಎದುರಿಗಿರುತ್ತದೆ. ಪ್ರಯಾಣಕ್ಕೆಂದು ಹಗಲು ಹಾಳಾಗುವುದಿಲ್ಲ.

ದ್ವೀಪಕ್ಕೆ ಹೋಗುವ ಪರ್ಮಿಟ್ ಇಲ್ಲದೆ ಹಡಗು ಹತ್ತಿಸುವುದಿಲ್ಲ, ಅದನ್ನು ಮೊದಲೇ ಮಾಡಿಸಿಕೊಳ್ಳಬೇಕು. ವಾಂತಿಯ ಮಾತ್ರೆಯನ್ನು ತಲೆ ಸುತ್ತಿದ ಮೇಲಲ್ಲ, ಹಡಗು ಹೊರಡುವ ಮುಂಚೆಯೇ ನುಂಗಬೇಕು. ನಡುಗಡಲಿನಲ್ಲಿ ಫೋನ್ ಸಿಗ್ನಲ್ ಇರುವುದಿಲ್ಲ. ಅದೇ ದೊಡ್ಡ ಸುಖ ಅಂತ ಒಂದು ದಿನದಲ್ಲೇ ಗೊತ್ತಾಗುತ್ತದೆ.

ಬೆಳಿಗ್ಗೆ ಬೇಗ ತಿಂಡಿ ಮುಗಿಸಿ ಮೊದಲ ದೋಣಿಗೇ ಇಳಿಯಬೇಕು. ಸುತ್ತ ಹವಳದ ದಂಡೆ ಇರುವುದರಿಂದ ದೊಡ್ಡ ಹಡಗು ಆಚೆಯೇ ನಿಲ್ಲುತ್ತದೆ. ಹಡಗಿನ ಪಕ್ಕದ ಬಾಗಿಲು ತೆರೆದರೆ ಕೆಳಗೆ ದೋಣಿ ಅಲೆಗೆ ಏರುತ್ತದೆ, ಇಳಿಯುತ್ತದೆ. ಇಬ್ಬರು ಎರಡೂ ತೋಳು ಹಿಡಿದು ಕಾಯುತ್ತಾರೆ. ದೋಣಿ ಮೇಲೆ ಬಂದ ಕ್ಷಣದಲ್ಲಿ "ಹಾಂ, ಈಗ" ಎಂದು ದಾಟಿಸಿಬಿಡುತ್ತಾರೆ. ಅಜ್ಜಿಯರೂ ಸಲೀಸಾಗಿ ದಾಟಿದರು. ಕೈಯಲ್ಲಿ ಏನೂ ಹಿಡಿದಿರಬಾರದು, ಬ್ಯಾಗ್ ಬೆನ್ನಿಗಿರಲಿ.

ಕಲ್ಪೇನಿ ದ್ವೀಪದಲ್ಲಿ ಲಗೂನಿನ, ಅಂದರೆ ಹವಳದ ದಂಡೆಯ ಒಳಗಿನ ಆಳವಿಲ್ಲದ ಕಡಲಿನ, ನೀರಿಗೆ ಮುಖ ಅದ್ದಿದರೆ ಸಾಕು, ಹವಳದ ಸಂದಿಯಲ್ಲಿ ಮೀನುಗಳ ಓಡಾಟ ಕಾಣುತ್ತದೆ. ಹವಳದ ಚೂರನ್ನು ಮನೆಗೆ ತರುವುದು ಅಪರಾಧ, ನೋಡಿ ಖುಷಿಪಟ್ಟು ಬಿಟ್ಟುಬಿಡಬೇಕು. ದ್ವೀಪದ ಇನ್ನೊಂದು ತೀರದಲ್ಲಿ 1847ರ ಬಿರುಗಾಳಿ ಎಸೆದುಹೋದ ಹವಳದ ಕಲ್ಲಿನ ರಾಶಿ ಇದೆ. ಇಷ್ಟು ತೆಳ್ಳಗಿನ ನೆಲದ ಮೇಲೆ ಆ ರಾತ್ರಿ ಜನ ಹೇಗೆ ಉಳಿದರೋ ಅನ್ನಿಸಿತು.

ನನಗೆ ಜಾಸ್ತಿ ಹಿಡಿಸಿದ್ದು ಮಿನಿಕಾಯ್. ಉಳಿದ ದ್ವೀಪಗಳಿಂದ ಸುಮಾರು 200 ಕಿ.ಮೀ. ದೂರ, ಮಾಲ್ಡೀವ್ಸಿನ ಕಡೆಗೆ. ಮಾತೂ ಬೇರೆ: ಇಲ್ಲಿ ಮಹಲ್ ಭಾಷೆ, ಬರೆಯುವುದು ಬಲದಿಂದ ಎಡಕ್ಕೆ. 1885ರಲ್ಲಿ ಬ್ರಿಟಿಷರು ಕಟ್ಟಿದ ದೀಪಸ್ತಂಭವನ್ನು ಹತ್ತಲೇಬೇಕು. ಮೇಲೆ ನಿಂತರೆ ದ್ವೀಪದ ಬಾಗಿದ ಆಕಾರ ಪೂರ್ತಿ ಕಾಣುತ್ತದೆ. ಒಂದು ಕಡೆ ತಿಳಿ ಹಸಿರು ಲಗೂನು, ಇನ್ನೊಂದು ಕಡೆ ಕಡು ನೀಲಿ ಕಡಲು, ನಡುವೆ ತೆಂಗು. ಇಲ್ಲಿನವರು ಟ್ಯೂನಾ ಹಿಡಿಯುವುದು ಬಲೆಯಿಂದಲ್ಲ, ಕೋಲು ಮತ್ತು ಗಾಳದಿಂದ. ಜೀವಂತ ಸಣ್ಣ ಮೀನು ಎರಚಿ, ಟ್ಯೂನಾ ಮುತ್ತಿದಾಗ ಒಂದೊಂದಾಗಿ ಎತ್ತಿ ದೋಣಿಯೊಳಗೆ ಹಾಕುತ್ತಾರೆ. ಅದನ್ನೇ ಬೇಯಿಸಿ, ಹೊಗೆ ಹಾಕಿ, ಒಣಗಿಸಿದ್ದು ಮಾಸ್. ಕೈಗೆ ತೆಗೆದುಕೊಂಡೆ, ಸೌದೆ ತುಂಡಿನ ಹಾಗೆ ಗಟ್ಟಿಯಾಗಿತ್ತು.

ಕವರತ್ತಿ ದ್ವೀಪದಲ್ಲಿ ಉಜ್ರಾ ಮಸೀದಿಯ ಚಾವಣಿಯ ಮರದ ಕೆತ್ತನೆ ನೋಡಿ, ಈಜಿ, ಹಡಗಿಗೆ ಮರಳಿದೆವು.

ಸಂಜೆಗಳನ್ನು ಡೆಕ್ಕಿನಲ್ಲೇ ಕಳೆಯಿರಿ. ಕ್ಯಾಬಿನ್ ನಿದ್ದೆಗಷ್ಟೇ. ಒಂದು ಸಂಜೆ ದ್ವೀಪದ ಹಿರಿಯರೊಬ್ಬರು ನಾವು ಮಂಗಳೂರಿನವರು ಎಂದು ತಿಳಿದು ಪಕ್ಕಕ್ಕೆ ಬಂದು ಕೂತರು. ಅಮಿನಿ, ಕಡಮತ್, ಕಿಲ್ತಾನ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ದಕ್ಷಿಣ ಕೆನರಾ ಜಿಲ್ಲೆಗೇ ಸೇರಿದ್ದವು. ಅಲ್ಲಿಂದ ತೆಂಗಿನ ನಾರು ಮಂಗಳೂರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ಅವರ ಅಜ್ಜ ಹಾಯಿದೋಣಿಯಲ್ಲಿ ಬಂದರಿಗೆ ಬರುತ್ತಿದ್ದ ಕಥೆ ಕೇಳುತ್ತಾ ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ಕೊನೆಯ ಬೆಳಿಗ್ಗೆಗೆ ಸಾಮಾನನ್ನು ಹಿಂದಿನ ರಾತ್ರಿಯೇ ಕಟ್ಟಿಡಿ. ಎಲ್ಲರೂ ಕೆಳಗೆ ಬ್ಯಾಗ್ ತುಂಬುತ್ತಿರುವಾಗಲೇ ಹಡಗು ಕೊಚ್ಚಿ ಅಳಿವೆಯೊಳಗೆ ಬರುತ್ತದೆ. ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು, ವೈಪಿನ್ ಕಡೆಗೆ ಹೊರಟ ದೋಣಿಗಳು, ಎಲ್ಲವೂ ಮೇಲಿನ ಡೆಕ್ಕಿನಿಂದ ಚೆನ್ನಾಗಿ ಕಾಣುತ್ತವೆ. ವಿಲಿಂಗ್ಡನ್ ದ್ವೀಪದ ಧಕ್ಕೆ ಮುಟ್ಟುವವರೆಗೂ ಕೆಳಗಿಳಿಯಬೇಡಿ.