ಕೊಡಗಿನ ‘ಕಪಲ್ಸ್ ಓನ್ಲಿ’ ರೆಸಾರ್ಟಿಗೆ ಹೊರಟಿದ್ದೀರಾ? ಮೊದಲು ಗೋಡೆ ಎಷ್ಟೆತ್ತರ ಅಂತ ಕೇಳಿ

ಹೊರದೇಶದ ಕೆಲವು ಬೀಚ್ ರೆಸಾರ್ಟುಗಳಲ್ಲಿ ಬಟ್ಟೆ ಹಾಕುವುದು ಬಿಡುವುದು ನಿಮ್ಮಿಷ್ಟ. ಮಕ್ಕಳಿಗೆ ಪ್ರವೇಶ ಇಲ್ಲ, ಫೋನಿನಲ್ಲಿ ಫೋಟೋ ತೆಗೆಯುವ ಹಾಗಿಲ್ಲ, ಕುರ್ಚಿ ಮೇಲೆ ಟವೆಲ್ ಹಾಸಿಯೇ ಕೂರಬೇಕು. ಅಂಥದ್ದು ನಮ್ಮಲ್ಲೂ ಇದೆಯಾ ಅಂತ ಗೆಳತಿಯರು ಕೇಳುತ್ತಿರುತ್ತಾರೆ. ಇಲ್ಲ. ನಮ್ಮ ದೇಶದಲ್ಲಿ ಬೀಚು ಸಾರ್ವಜನಿಕ ಜಾಗ, ಅಲ್ಲಿ ಹಾಗಿದ್ದರೆ ಪೊಲೀಸರು ಬರುತ್ತಾರೆ. ಇನ್ನು ಕೊಡಗಿಗೆ ಸಮುದ್ರವೇ ಇಲ್ಲ. ಕೊಡಗಿನಲ್ಲಿ ಸಿಗುವುದು ಬೇರೆ ಥರದ್ದು: ಕಾಫಿ ತೋಟದ ನಡುವೆ ಜೋಡಿಗಳಿಗೆಂದೇ ಕಟ್ಟಿದ ಕಾಟೇಜು, ಅದರ ಹಿಂದೆ ಗೋಡೆಯೊಳಗೆ ಪುಟ್ಟ ಈಜುಕೊಳ. ಆ ಗೋಡೆಯೊಳಗೆ ನೀವು ಹೇಗಿದ್ದರೂ ಯಾರೂ ಕೇಳಲ್ಲ.

ಕೇಳಲ್ಲ ಅನ್ನುವುದಕ್ಕಿಂತ ಕೇಳಬಾರದು ಅಂದರೆ ಸರಿ. ಯಾಕೆ ಅಂತ ಹೇಳುತ್ತೇನೆ.

ಮಕ್ಕಳನ್ನು ಮೈಸೂರಿನಲ್ಲಿ ಅಮ್ಮನ ಹತ್ತಿರ ಬಿಟ್ಟು ನಾವಿಬ್ಬರು ಮಾರ್ಚ್ ಮೊದಲ ವಾರ ಕಕ್ಕಬ್ಬೆ ಕಡೆಯ ಒಂದು ರೆಸಾರ್ಟಿಗೆ ಹೋಗಿದ್ದೆವು. ಹದಿನೆಂಟು ತುಂಬದವರಿಗೆ ಅಲ್ಲಿ ರೂಮ್ ಇಲ್ಲ. ಕಾಟೇಜಿನ ಹಿಂಬಾಗಿಲು ತೆಗೆದರೆ ನೇರ ನೀರಿಗೆ ಇಳಿಯುವ ಮೆಟ್ಟಿಲು. ಸುತ್ತ ಆಳೆತ್ತರಕ್ಕಿಂತ ಜಾಸ್ತಿ ಕಲ್ಲಿನ ಗೋಡೆ, ಅದರಾಚೆ ತೋಟ. ಬೆಳಿಗ್ಗೆ ತಿಂಡಿ ಮುಗಿಸಿ ನೀರಿಗಿಳಿದು ಹತ್ತು ನಿಮಿಷ ಆಗಿತ್ತೋ ಇಲ್ಲವೋ, ಮೇಲಿಂದ ಯಾರೋ ಜೋರಾಗಿ ಕೆಮ್ಮಿದರು. ಮುಂದಿನಿಂದ ಅಲ್ಲ, ಪಕ್ಕದಿಂದ ಅಲ್ಲ, ಮೇಲಿಂದ! ನೋಡಿದರೆ ಗೋಡೆಯಾಚೆ ಸಿಲ್ವರ್ ಓಕ್ ಮರಕ್ಕೆ ಬಿದಿರಿನ ಒಂಟಿ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಒಬ್ಬರು ಮೆಣಸು ಕುಯ್ಯಲು ಹತ್ತುತ್ತಿದ್ದಾರೆ. ಪಾಪ, ಮುಖ ಪೂರ್ತಿ ಮರದ ಕಡೆ ತಿರುಗಿಸಿಕೊಂಡು, ತಾನಿಲ್ಲಿದ್ದೀನಿ ಅಂತ ನಮಗೆ ಗೊತ್ತಾಗಲಿ ಅಂತಲೇ ಕೆಮ್ಮಿದ್ದು. ನಮ್ಮ ಯಜಮಾನರು ಟವೆಲ್ ಎಳೆದುಕೊಂಡ ವೇಗ ನೋಡಬೇಕಿತ್ತು. ನಾನಂತೂ ಗಂಟಲವರೆಗೆ ನೀರಲ್ಲಿ ಮುಳುಗಿ ಕೂತೆ. ಮ್ಯಾನೇಜರಿಗೆ ಫೋನ್ ಮಾಡಿದರೆ, "ಮೇಡಂ, ಆ ಬದಿ ಇವತ್ತು ಮುಗೀತದೆ, ನಾಳೆಯಿಂದ ಕೆಳಗಿನ ತೋಟ" ಅಂತ ಆರಾಮಾಗಿ ಹೇಳಿದ. ಅವನ ಪಾಲಿಗೆ ಅದೊಂದು ಸಮಸ್ಯೆಯೇ ಅಲ್ಲ.

ತಪ್ಪು ಕುಯ್ಯುವವರದ್ದಲ್ಲ. ಮೆಣಸು ಹಣ್ಣಾದ ಮೇಲೆ ಕಾಯುವುದಿಲ್ಲ, ಕುಯ್ಯಲೇಬೇಕು. ಆದರೆ ಬುಕ್ ಮಾಡುವಾಗ ಒಂದು ಮಾತು ಹೇಳಬಹುದಿತ್ತಲ್ವಾ? ಅದಕ್ಕೇ ನೀವೇ ಕೇಳಿ, ವೆಬ್‌ಸೈಟಿನ ಫೋಟೋ ನಂಬಬೇಡಿ. ಕೊಳದ ಸುತ್ತ ಮೆಣಸು ಬಳ್ಳಿ ಹಬ್ಬಿದ ಮರಗಳಿವೆಯಾ? ತೋಟದ ಕೆಲಸದವರ ಲೈನ್ ಮನೆಗೆ ಹೋಗುವ ದಾರಿ ಕಾಟೇಜಿನ ಮೇಲ್ಬದಿಯಲ್ಲಿದೆಯಾ? ಗುಡ್ಡದ ಇಳಿಜಾರಿನಲ್ಲಿ ಕಟ್ಟಿದ ಕಡೆ ಮೇಲಿನ ಕಾಟೇಜಿನ ಜಗುಲಿಯಿಂದ ಕೆಳಗಿನ ಕೊಳ ಕಾಣುತ್ತದಾ? ಈ ಮೂರನೆಯದನ್ನು ಯಾರೂ ಯೋಚಿಸುವುದಿಲ್ಲ. ಸಾಧ್ಯವಾದರೆ ಎಲ್ಲಕ್ಕಿಂತ ಮೇಲಿನ ಕಾಟೇಜನ್ನೇ ಕೇಳಿ ಪಡೆಯಿರಿ. ಅರೇಬಿಕಾ ಕಾಫಿ ಕುಯ್ಲು ನವೆಂಬರಿನಿಂದ ಜನವರಿವರೆಗೆ, ರೋಬಸ್ಟಾ ಅದರ ಹಿಂದೆಯೇ, ಆಮೇಲೆ ಮೆಣಸು. ಈ ತಿಂಗಳುಗಳಲ್ಲಿ ತೋಟದಲ್ಲಿ ಬೆಳಗಿನಿಂದ ಸಂಜೆವರೆಗೆ ಜನ ಇದ್ದೇ ಇರುತ್ತಾರೆ. ನಾವು ಕೊನೆಗೆ ಸಂಜೆ ಕೆಲಸದವರು ಮನೆಗೆ ಹೋದ ಮೇಲೆ ನೀರಿಗಿಳಿಯುವುದು ಅಂತ ಮಾಡಿಕೊಂಡೆವು.

ಸಿಸಿಟಿವಿ ಕ್ಯಾಮೆರಾ ಯಾವ ಕಡೆ ತಿರುಗಿದೆ ಅಂತ ಹೋದ ತಕ್ಷಣ ಒಂದು ಸುತ್ತು ನೋಡಿ. ಯಾರಾದರೂ ಡ್ರೋನ್ ಹಾರಿಸುತ್ತಿದ್ದರೆ ಸುಮ್ನಿರಬೇಡಿ. ಹೆಣ್ಣೊಬ್ಬಳು ಖಾಸಗಿಯಾಗಿರುವಾಗ ಕದ್ದು ನೋಡುವುದು, ಚಿತ್ರ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ. ಇನ್ನು ಗೋಡೆ ದಾಟಿ ಎಲ್ಲರೂ ಈಜುವ ದೊಡ್ಡ ಕೊಳಕ್ಕೆ ಬಂದರೆ ಕಥೆಯೇ ಬೇರೆ. ಅಲ್ಲಿ ನೈಲಾನ್ ಈಜುಡುಗೆ ಇಲ್ಲದೆ ಬಿಡುವುದೇ ಇಲ್ಲ, ಕಾಟನ್ ನೂಲು ಫಿಲ್ಟರಿಗೆ ಸಿಕ್ಕಿಕೊಳ್ಳುತ್ತದೆ ಅನ್ನುತ್ತಾರೆ. ಒಂದು ಜೊತೆ ಬ್ಯಾಗಿನಲ್ಲಿ ಇರಲಿ.

ನೀರು ಬಿಸಿ ಮಾಡುತ್ತಾರಾ ಅಂತಲೂ ಕೇಳಿ. ಡಿಸೆಂಬರ್, ಜನವರಿಯಲ್ಲಿ ಕೊಡಗಿನ ಕೊಳದ ನೀರಿಗೆ ಕಾಲಿಟ್ಟರೆ ಪ್ರಣಯ ಎಲ್ಲ ಮರೆತುಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಮಳೆ ನೋಡಲೆಂದೇ ಹೋಗುವವರು ಹೋಗಲಿ, ಆದರೆ ಕೊಳಕ್ಕೆಂದು ದುಡ್ಡು ಕೊಡಬೇಡಿ. ಕರೆಂಟ್ ಹೋಗುತ್ತದೆ, ರಕ್ತ ಹೀರುವ ಇಂಬಳ ಬಾತ್‌ರೂಮಿಗೂ ಬರುತ್ತದೆ, 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದನ್ನು ಇಲ್ಲಿನವರು ಇನ್ನೂ ಮರೆತಿಲ್ಲ. ನನ್ನ ಕೇಳಿದರೆ ಮಾರ್ಚ್ ಚೆನ್ನ. ಸ್ಪ್ರಿಂಕ್ಲರ್ ಹಾಕಿದ ತೋಟದಲ್ಲಿ ರೋಬಸ್ಟಾ ಹೂ ಬಿಟ್ಟಿತ್ತು. ಗಿಡದ ತುಂಬ ಮಲ್ಲಿಗೆ ಸುರಿದ ಹಾಗೆ, ವಾಸನೆಯೂ ಹಾಗೇ. ಮೂರ್ನಾಲ್ಕು ದಿನದಲ್ಲಿ ಹೂ ಕಂದುಬಣ್ಣಕ್ಕೆ ತಿರುಗುತ್ತದೆ, ಹಾಗಾಗಿ ಹೊರಡುವ ಮುಂಚೆ ಫೋನ್ ಮಾಡಿ ವಿಚಾರಿಸುವುದು ಒಳ್ಳೆಯದು. ಹೂವಿನ ಜೊತೆ ಜೇನುನೊಣವೂ ಬರುತ್ತದೆ. ಕೊಳದ ಅಂಚಿನ ನೀರು ಕುಡಿಯಲು ಸಾಲಾಗಿ ಕೂತಿರುತ್ತವೆ, ನೋಡಿ ಕೈಯಿಡಿ.

ಬುಕಿಂಗ್ ವಿಷಯ. ರೂಮಿನ ದರ ದಿನಕ್ಕೆ 7,500 ರೂಪಾಯಿ ದಾಟಿದರೆ ಮೇಲೆ ಶೇ 18 ಜಿಎಸ್‌ಟಿ. ಕೊಳ ಇರುವ ಕಾಟೇಜು ಸಾಮಾನ್ಯವಾಗಿ ದಾಟಿಯೇ ಇರುತ್ತದೆ, ಹೇಳಿದ ರೇಟಿನಲ್ಲಿ ತೆರಿಗೆ ಸೇರಿದೆಯಾ ಕೇಳಿ. ಇಬ್ಬರದ್ದೂ ಗುರುತಿನ ಚೀಟಿ ಬೇಕು. ಮದುವೆಯಾಗದ ವಯಸ್ಕರು ಒಂದೇ ರೂಮಿನಲ್ಲಿ ಇರಬಾರದು ಅಂತ ಕಾನೂನೇನೂ ಇಲ್ಲ. ಆದರೂ ಮನೆಯವರೇ ನಡೆಸುವ ಹೋಂಸ್ಟೇಗಳಲ್ಲಿ ಬೇಡ ಅನ್ನುವವರಿದ್ದಾರೆ. ರಾತ್ರಿ ಬಾಗಿಲಲ್ಲಿ ನಿಂತು ವಾದ ಮಾಡುವ ಬದಲು ಮೊದಲೇ ಮಾತಾಡಿಕೊಳ್ಳಿ.

ಕೊಡಗಿಗೆ ರೈಲಿಲ್ಲ, ಮೈಸೂರೇ ಕೊನೆ. ನಾವು ಹುಣಸೂರು, ಗೋಣಿಕೊಪ್ಪ, ವಿರಾಜಪೇಟೆ ದಾರಿಯಲ್ಲಿ ಹೋದೆವು. ಬೆಂಗಳೂರಿನಿಂದ ಬೈಕಿನಲ್ಲಿ ಬರುವವರು ನೆನಪಿಡಿ: ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟಿನಿಂದ ಬೈಕ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯೇ ಗತಿ. ಕತ್ತಲಾಗುವ ಮುಂಚೆ ತಲುಪಿ. ದಾರಿಯಲ್ಲಿ ಸಿಗುವ ತಿತಿಮತಿ ಸುತ್ತಮುತ್ತ ಆನೆ ರಸ್ತೆಗೇ ಬರುತ್ತದೆ.

ಊಟಕ್ಕೆ ಬಂದರೆ, ರೆಸಾರ್ಟಿನ ಬಫೆ ಬಿಡಿ. ಪನ್ನೀರ್ ಬಟರ್ ಮಸಾಲ ತಿನ್ನಲು ಕಕ್ಕಬ್ಬೆವರೆಗೆ ಬರಬೇಕಾ? ನಾವು ಪಕ್ಕದ ಹೋಂಸ್ಟೇ ಆಂಟಿ ಹತ್ತಿರ ಬೆಳಿಗ್ಗೆಯೇ ಹೇಳಿ ರಾತ್ರಿಗೆ ಪಂದಿಕರಿ (ಹಂದಿಮಾಂಸದ ಸಾರು), ಕಡಂಬುಟ್ಟು (ಅಕ್ಕಿತರಿಯ ಉಂಡೆ) ಮಾಡಿಸಿಕೊಂಡೆವು. ಪಂದಿಕರಿ ಅವಸರದಲ್ಲಿ ಆಗುವ ಅಡುಗೆಯಲ್ಲ. ಕೊನೆಗೆ ಒಂದು ಚಮಚ ಕಾಚಂಪುಳಿ, ಅಂದರೆ ಹಣ್ಣಿನ ರಸ ಕುದಿಸಿ ಇಳಿಸಿದ ಕೊಡಗಿನ ಹುಳಿ, ಬೀಳುತ್ತದಲ್ಲ, ಕಪ್ಪಗೆ, ಗಟ್ಟಿಯಾಗಿ, ಆಗಲೇ ಅದರ ಬಣ್ಣ, ಹುಳಿ ಕೂರುವುದು. "ಅಂಗಡೀಲಿ ವಿನೆಗರ್ ಬೆರೆಸಿದ್ದು ಕೊಡ್ತಾರೆ, ನೋಡಿ ತಗೊಳ್ಳಿ" ಅಂತ ಆಂಟಿ ಒಂದು ಪುಟ್ಟ ಬಾಟಲಿ ಕೊಟ್ಟರು. ಮಾಂಸ ತಿನ್ನದವರಿಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಕುಂಬಳಕಾಯಿ ಕರಿ, ನೂಪುಟ್ಟು (ಅಕ್ಕಿ ಶ್ಯಾವಿಗೆ). ಕಳಲೆ (ಎಳೆ ಬಿದಿರಿನ ಮೊಳಕೆ), ಅಣಬೆ ಮಳೆಗಾಲದ್ದು, ಮಾರ್ಚಿನಲ್ಲಿ ಕೇಳಬೇಡಿ.

ಕಾಟೇಜು ಬಿಟ್ಟು ಹೊರಡುವ ಮನಸ್ಸಾದರೆ ನಾಲ್ಕುನಾಡು ಅರಮನೆ ಹತ್ತಿರವೇ ಇದೆ. 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಎದುರಿಗಿರುವ ಚಿಕ್ಕ ಮಂಟಪ ರಾಜನ ಮದುವೆಗೆ ಅಂತ ಮಾಡಿಸಿದ್ದಂತೆ. ಅಲ್ಲಿಂದಲೇ ತಡಿಯಂಡಮೋಳ್ ಹತ್ತಬಹುದು, 1,748 ಮೀಟರ್, ಕೊಡಗಿನಲ್ಲಿ ಎಲ್ಲಕ್ಕಿಂತ ಎತ್ತರದ ಬೆಟ್ಟ ಅದೇ. ಅರಣ್ಯ ಇಲಾಖೆಯ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಮಾಡಿಕೊಳ್ಳಿ. ನಾವು ಅರ್ಧ ಹತ್ತಿ ವಾಪಸ್ ಬಂದು ಮಲಗಿದೆವು. ರಜೆ ಅಂದರೆ ರಜೆ.

ಸಮುದ್ರವೂ ಬೇಕು ಅನ್ನುವವರು ವಿರಾಜಪೇಟೆಯಿಂದ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ಮೇಲೆ ಕಣ್ಣೂರಿಗೆ ಹೋಗಬಹುದು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮೀನು ಸಿಗುತ್ತದೆ. ಮುಳಪ್ಪಿಲಂಗಾಡ್ ಬೀಚಿನಲ್ಲಿ ಮರಳ ಮೇಲೆಯೇ ನಾಲ್ಕು ಕಿಲೋಮೀಟರ್ ಕಾರು ಓಡಿಸಬಹುದು. ಊರವರು ಸಂಸಾರ ಸಮೇತ ಬರುವ ಜಾಗ ಅದು, ಅದಕ್ಕೆ ತಕ್ಕ ಬಟ್ಟೆ ಇರಲಿ. ಘಾಟಿ ಕಿರಿದು, ತಿರುವು ಜಾಸ್ತಿ, ಮಳೆಗಾಲದಲ್ಲಿ ಮಣ್ಣು ಜಾರಿ ರಸ್ತೆ ಮುಚ್ಚುವುದುಂಟು. ಹೊರಡುವ ದಿನ ಬೆಳಿಗ್ಗೆ ವಿರಾಜಪೇಟೆಯಲ್ಲಿ ಪೆಟ್ರೋಲ್ ಹಾಕಿಸುವಾಗ ರಸ್ತೆ ಹೇಗಿದೆ ಅಂತ ಅಲ್ಲಿಯವರನ್ನೇ ಕೇಳಿಕೊಂಡು ಹೋಗಿ.