ಯೂರಿಯಾದ ತಾರೀಖು, ನೀರಿನ ಪಾಳಿ

ನಮ್ಮ ಸಕ್ಕರೆ ಕಾರ್ಖಾನೆಯ ಶೇತಕಿ (ಕೃಷಿ) ವಿಭಾಗದವರಿಗೆ ಕೊಟ್ಟಿರುವ ಆ್ಯಪ್, ಕುಳೆ ಕಬ್ಬಿನ (ಕಡಿದ ಬುಡದಿಂದಲೇ ಮತ್ತೆ ಚಿಗುರುವ ಬೆಳೆ) ಪ್ರತಿ ಪ್ಲಾಟಿಗೂ ಗೊಬ್ಬರ ಹಾಕಿದ ತಾರೀಖು, ಚೀಲಗಳ ಸಂಖ್ಯೆ ಮತ್ತು ಹೊಲದಲ್ಲಿ ನಿಂತು ತೆಗೆದ ಒಂದು ಫೋಟೋ ಕೇಳುತ್ತದೆ. ನೀರು ಯಾವಾಗ ಹಾಯಿಸಿದರು ಎಂದು ಮಾತ್ರ ಕೇಳುವುದಿಲ್ಲ. ಕಬ್ಬು ಕಡಿದ ಹದಿನೈದು ದಿನಗಳೊಳಗೆ ಮೊದಲ ಕಂತು ಬೀಳದಿದ್ದರೆ ಆ ಪ್ಲಾಟಿನ ಸಾಲು ಕೆಂಪಾಗುತ್ತದೆ. ಕೆಂಪು ಸಾಲುಗಳು ಹೆಚ್ಚಾದ ಗಟ ಆಫೀಸಿಗೆ (ಕೆಲವು ಹಳ್ಳಿಗಳ ಗುಂಪನ್ನು ನೋಡಿಕೊಳ್ಳುವ ಕಾರ್ಖಾನೆಯ ಶಾಖೆ) ಸೋಮವಾರದ ಮೀಟಿಂಗಿನಲ್ಲಿ ಮಂಗಳಾರತಿ ಆಗುತ್ತದೆ. ಆದ್ದರಿಂದ ತೋಡಣಿಯ (ಕಬ್ಬು ಕಡಿತದ) ಗಡಿಬಿಡಿಯ ನಡುವೆಯೇ, ಹೊಲ ಸುತ್ತುವ ಸಿಬ್ಬಂದಿಯಾದ ನಮ್ಮ ಚಿಟ್‌ಬಾಯ್‌ಗಳು ರೈತರ ಬೆನ್ನು ಹತ್ತಿ ಯೂರಿಯಾ ಹಾಕಿಸುತ್ತಾರೆ, ಫೋಟೋ ಏರಿಸುತ್ತಾರೆ, ಸಾಲು ಹಸಿರಾಗುತ್ತದೆ. ಹೊಲದಲ್ಲಿನ ಕಬ್ಬು ಹಸಿರಾಗುವುದು ಬೇರೆಯೇ ಮಾತು.

ನನ್ನ ಪಾಲಿಗೆ ಬಂದಿರುವುದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಹಳ್ಳಿಗಳು. ಕೃಷ್ಣಾ ಮತ್ತು ಪಂಚಗಂಗಾ ನದಿಗಳ ದಂಡೆಯ ಕಪ್ಪು ನೆಲ. ಮನೆಯಲ್ಲಿ ಕನ್ನಡ, ಕಾರ್ಖಾನೆಯಲ್ಲಿ ಮರಾಠಿ ಮಾತಾಡುವ ಜನ. ಕುಳೆ ಕಬ್ಬಿಗೆ ಎಕರೆಗೆ ಸುಮಾರು 100 ಕಿಲೋ ಸಾರಜನಕ ಬೇಕೆಂಬ ಲೆಕ್ಕ ಇಲ್ಲಿ ಎಲ್ಲರಿಗೂ ಬಾಯಿಪಾಠ. ಯೂರಿಯಾದಲ್ಲಿ ಶೇ. 46 ಸಾರಜನಕ ಇರುವುದರಿಂದ 45 ಕಿಲೋ ಚೀಲವೊಂದರಲ್ಲಿ 20.7 ಕಿಲೋ ಸಿಗುತ್ತದೆ, ಅಂದರೆ ಐದು ಚೀಲ. ಪಾಡೇಗಾಂವ ಕಬ್ಬು ಸಂಶೋಧನಾ ಕೇಂದ್ರದ ಶಿಫಾರಸು ಇಷ್ಟಕ್ಕೇ ನಿಲ್ಲುವುದಿಲ್ಲ: ರವದಿಯನ್ನು (ಕಡಿದ ಕಬ್ಬಿನ ಒಣ ಎಲೆಗಳನ್ನು) ಸುಡದೆ ಸಾಲಿನಲ್ಲೇ ಬಿಟ್ಟು, ಹಾರೆಯಿಂದ ಗಡ್ಡೆಯ ಪಕ್ಕದಲ್ಲಿ ಒಂದು ಗೇಣಿನಷ್ಟು ಆಳಕ್ಕೆ ತೂತು ಹಾಕಿ, ಒಂದೊಂದು ಅಡಿಗೆ ಗೊಬ್ಬರ ಬಿಟ್ಟು ಮುಚ್ಚಬೇಕು, ಎರಡನೆಯ ಕಂತನ್ನು ನಾಲ್ಕೂವರೆ ತಿಂಗಳ ಹೊತ್ತಿಗೆ ಎದುರು ಬದಿಯಲ್ಲಿ ಹಾಗೆಯೇ ಕೊಡಬೇಕು. ಚೀಲದ ಲೆಕ್ಕ ಆ್ಯಪ್‌ಗೆ ಬಂದಿದೆ, ಹಾರೆ ಬಂದಿಲ್ಲ.

ಹೀಗಿರುವಾಗ ಮಾರ್ಚ್ ತಿಂಗಳಲ್ಲಿ ನಮ್ಮ ಮುಖ್ಯ ಶೇತಕಿ ಅಧಿಕಾರಿಗಳು ಪ್ಲಾಟ್ ರೌಂಡಿಗೆ ಬಂದರು. ನಾನು ಹೆಮ್ಮೆಯಿಂದ ಕರೆದುಕೊಂಡು ಹೋದದ್ದು ನಾವು ಕಾಕಾ ಎನ್ನುವ ಒಬ್ಬ ಹಿರಿಯ ರೈತರ ಹೊಲಕ್ಕೆ, ಏಕೆಂದರೆ ಆ್ಯಪ್‌ನಲ್ಲಿ ಅವರ ಸಾಲು ಎಲ್ಲರಿಗಿಂತ ಮೊದಲು ಹಸಿರಾಗಿತ್ತು. ಕೋ 86032 ತಳಿಯ ಕುಳೆ, ರವದಿ ಸುಟ್ಟಿರಲಿಲ್ಲ, ಯೂರಿಯಾ ಹೇಳಿದ ದಿನಕ್ಕೇ ಬಿದ್ದಿತ್ತು. ಜೀಪಿನಿಂದ ಇಳಿಯುವಾಗಲೇ ಹೊಲ ಮಂಕಾಗಿ ಕಂಡಿತು. ಬದುವಿನ ಆಚೆ ಅವರ ತಮ್ಮನ ಹೊಲ. ಅದೇ ತಳಿ, ಅದೇ ನೀರು, ಒಂದೇ ಗ್ಯಾಂಗು ಒಂದೇ ವಾರದಲ್ಲಿ ಕಡಿದ ಕಬ್ಬು. ಅದು ಮಾತ್ರ ಕಣ್ಣು ತುಂಬುವಷ್ಟು ಹಸಿರಾಗಿ ನಿಂತಿತ್ತು.

ಸಾಹೇಬರು ಏನೂ ಅನ್ನದೆ ಬದುವಿನ ಮೇಲೆ ನಿಂತು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ನೋಡಿದರು. ನಾನು ಬಗ್ಗಿ ಎಲೆ ನೋಡಿದೆ. ಸುಣ್ಣದ ಅಂಶ ಹೆಚ್ಚಿರುವ ನಮ್ಮ ನೆಲದಲ್ಲಿ ಕುಳೆ ಹಳದಿಯಾಗಲು ಕಬ್ಬಿಣದ ಕೊರತೆಯೂ ಕಾರಣವಾಗುತ್ತದೆ; ಹಾಗಿದ್ದರೆ ಸುಳಿಯ ಎಳೆ ಎಲೆಗಳಲ್ಲಿ ನರ ಹಸಿರಾಗಿ ಉಳಿದು ನಡುವೆ ಹಳದಿ ಗೆರೆ ಎದ್ದು ಕಾಣುತ್ತವೆ. ಇಲ್ಲಿ ಕೆಳಗಿನ ಹಳೆಯ ಎಲೆಗಳು ತುದಿಯಿಂದ ಹಳದಿಯಾಗಿ ಒಣಗುತ್ತಿದ್ದವು, ಮೇಲಿನವು ಗೆರೆಯಿಲ್ಲದೆ ಒಂದೇ ಸಮ ತಿಳಿಹಸಿರಾಗಿದ್ದವು. ಸಾರಜನಕದ ಹಸಿವು ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ. ಅನಂತರ, ಕೊಳೆಯುವ ರವದಿ ಸಾರಜನಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಂದು ಟನ್ ರವದಿಗೆ 8 ಕಿಲೋ ಯೂರಿಯಾ ಬೇರೆಯಾಗಿಯೇ ಬೇಕು, ಆದ್ದರಿಂದ ಉಧಾರಿಯಲ್ಲಿ (ಕಾರ್ಖಾನೆಯ ಸಾಲದಲ್ಲಿ) ಇನ್ನೂ ಎರಡು ಚೀಲ ಕೊಡೋಣ ಎಂದು ಸಾಹೇಬರಿಗೆ ಉದ್ದನೆಯ ವಿವರಣೆ ಕೊಟ್ಟೆ. ಮಾತು ಪುಸ್ತಕದ ಪ್ರಕಾರ ತಪ್ಪಲ್ಲ. ಆದರೆ ಸಾಹೇಬರು ಬೆರಳಿನಿಂದ ಆಚೆಯ ಹೊಲ ತೋರಿಸಿ, “ಅಲ್ಲಿ ರವದಿ ಇಲ್ಲೇನು?” ಎಂದರು. ಅಲ್ಲಿ ಇದಕ್ಕಿಂತ ದಪ್ಪನೆಯ ರವದಿ ಬಿದ್ದಿತ್ತು.

ಯಾರೂ ಮಾತಾಡಲಿಲ್ಲ. ಕಾಕಾ ಮಾತ್ರ ತಮ್ಮ ಹೊಲದ ರವದಿಯನ್ನು ಕಾಲಿನಿಂದ ಸರಿಸಿ, “ಸಾಹೇಬ್ರ, ನೀವು ಹೇಳಿದ ದಿನಾನ ಹಾಕೇನ್ರಿ. ಗೊಬ್ಬರ ಎಲ್ಲಿ ಹೋತ?” ಎಂದು ಕೇಳಿದರು. ಅಷ್ಟು ಹೊತ್ತಿಗೆ ಆಚೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಅವರ ತಮ್ಮನ ಹೆಂಡತಿ ಎದ್ದು ನಿಂತು, “ನಾವ್ ಮೊದಲ ನೀರ ಹಾಯ್ಸಿ, ಹದಕ್ಕ ಬಂದ ಮ್ಯಾಲ ಹಾರಿಲೆ ತೂತ ಹಾಕಿ ಬಿಟ್ಟೇವ್ರಿ. ಭಾಂವರ ಪಾಳಿ ಬರೂಕಿಂತ ಮೊದಲ ಚೆಲ್ಲ್ಯಾರ” ಎಂದರು. ನಮ್ಮ ಚಿಟ್‌ಬಾಯ್ ತನ್ನ ಚಪ್ಪಲಿ ನೋಡತೊಡಗಿದ. ನಡೆದದ್ದು ಆಗ ಹೊರಬಿತ್ತು. ಮರುದಿನ ಲಿಫ್ಟಿನ (ಏತ ನೀರಾವರಿಯ) ನೀರು ಬರುವುದಿದೆ ಎಂದು ಕಾಕಾ ರವದಿಯ ಮೇಲೆಯೇ ಯೂರಿಯಾ ಎರಚಿದ್ದರು. ಆ ರಾತ್ರಿ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅದು ಬದಲಾಗಿ ಪಾಳಿ ಮತ್ತೆ ಸುತ್ತಿ ಬರುವ ಹೊತ್ತಿಗೆ ವಾರಗಳೇ ಕಳೆದಿದ್ದವು. ಫೋಟೋ ಮಾತ್ರ ಮೊದಲ ದಿನವೇ ಏರಿತ್ತು.

ಯೂರಿಯಾ ಒಣ ನೆಲದ ಮೇಲೆ ಸುಮ್ಮನೆ ಬಿದ್ದಿರುತ್ತದೆ ಎಂದು ನಾವು ಭಾವಿಸುತ್ತೇವೆ. ಜನವರಿಯಲ್ಲಿ ಹೊಳೆಸಾಲಿಗೆ ಬೀಳುವ ಇಬ್ಬನಿ ಹರಳನ್ನು ಕರಗಿಸಲು ಸಾಕು, ಮಣ್ಣಿಗೆ ಇಳಿಸಲು ಸಾಲದು. ರವದಿಯಲ್ಲಿ ಯೂರಿಯೇಸ್ ಎಂಬ ಕಿಣ್ವ ಧಾರಾಳವಾಗಿರುತ್ತದೆ. ಅದು ಕರಗಿದ ಯೂರಿಯಾವನ್ನು ಒಡೆದು ಅಮೋನಿಯಂ ಮಾಡುತ್ತದೆ, ಆ ಜಾಗದ ಕ್ಷಾರತೆ ಏರುತ್ತದೆ, ಬಿಸಿಲೇರಿದಂತೆ ಅಮೋನಿಯಾ ಅನಿಲವಾಗಿ ಗಾಳಿಗೆ ಹೋಗುತ್ತದೆ. ಮಣ್ಣಿನೊಳಗೆ ಮುಚ್ಚಿದ್ದರೆ ಅದೇ ಅಮೋನಿಯಂ ಜೇಡಿಯ ಕಣಗಳಿಗೆ ಅಂಟಿಕೊಂಡು ಬೇರಿಗಾಗಿ ಕಾಯುತ್ತಿತ್ತು. ಬೇವು ಲೇಪಿತ ಯೂರಿಯಾ ಹೀಗೆ ಹಾರುವುದಿಲ್ಲ ಎಂಬ ನಂಬಿಕೆ ನಮ್ಮ ಸಹೋದ್ಯೋಗಿಗಳಲ್ಲೂ ಇದೆ. 2015ರಿಂದ ದೇಶದಲ್ಲಿ ಕೃಷಿಗೆ ಸಿಗುವ ಯೂರಿಯಾ ಬಹುಮಟ್ಟಿಗೆ ಬೇವು ಲೇಪಿತವೇ. ಆ ಲೇಪನ ಮುಖ್ಯವಾಗಿ ಅಮೋನಿಯಂ ನೈಟ್ರೇಟ್ ಆಗುವುದನ್ನು ನಿಧಾನಗೊಳಿಸುತ್ತದೆಯೇ ಹೊರತು, ರವದಿಯ ಮೇಲೆ ನಡೆಯುವ ಈ ಆವಿಯಾಟವನ್ನು ತಡೆಯುವುದಿಲ್ಲ.

ಇನ್ನು ನೀರು ಬಂದಾಗ ಆಗುವ ನಷ್ಟ ಬೇರೆ. ಮುಂದಿನ ಪಾಳಿ ಯಾವಾಗಲೋ ಎಂಬ ಭಯಕ್ಕೆ, ರಾತ್ರಿ ತ್ರೀ ಫೇಸ್ ಕರೆಂಟು ಇರುವಷ್ಟು ಹೊತ್ತು ಮೋಟಾರು ಬಿಟ್ಟು ರೈತರು ಮಲಗುತ್ತಾರೆ. ನೀರು ಬಸಿಯದ ಕಪ್ಪು ನೆಲದಲ್ಲಿ ಗಾಳಿಯಾಡದೆ ಹೋದಾಗ, ಅಷ್ಟಿಷ್ಟು ನೈಟ್ರೇಟ್ ಆಗಿ ಉಳಿದದ್ದನ್ನು ಸೂಕ್ಷ್ಮಜೀವಿಗಳು ಅನಿಲ ಮಾಡಿ ಬಿಡುತ್ತವೆ. ನಾನು ಅಂದು ಕೊಡಿಸಲು ಹೊರಟಿದ್ದ ಎರಡು ಚೀಲಗಳನ್ನೂ ಎರಚಿದ್ದರೆ ಅವೂ ಇದೇ ದಾರಿ ಹಿಡಿಯುತ್ತಿದ್ದವು, ಲೆಕ್ಕ ಮಾತ್ರ ಕಾಕಾನ ಕಬ್ಬಿನ ಬಿಲ್ಲಿನಲ್ಲಿ ಕಡಿತವಾಗುತ್ತಿತ್ತು. ಉಧಾರಿ ಗೊಬ್ಬರದ ನೋವು ಹಾಕುವ ದಿನ ಗೊತ್ತಾಗುವುದಿಲ್ಲ. ಅದರ ಮೇಲೆ, ಕಾರ್ಖಾನೆಯ ಒಟ್ಟು ರಿಕವರಿಯ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಮೇಲೆ ದರ ನಿಂತು ರೈತನಿಗೆ ತೂಕಕ್ಕೆ ಹಣ ಸಿಗುವಾಗ, ತಡವಾಗಿ ಹಾಕಿದ ಸಾರಜನಕ ಹೊಸ ಮರಿ (ಚಿಗುರು) ಎಬ್ಬಿಸಿ ಸಕ್ಕರೆ ಇಳಿಸುತ್ತದೆ ಎಂಬ ನಮ್ಮ ಉಪದೇಶವನ್ನು ಅವನು ಏಕೆ ಕೇಳಬೇಕು?

ಸೋಮವಾರದ ಮೀಟಿಂಗಿನಲ್ಲಿ ನೀರಿನ ತಾರೀಖಿಗೆ ಒಂದು ಕಾಲಂ ಕೇಳಿದೆ. ಕಂಪ್ಯೂಟರ್ ವಿಭಾಗದವರು ಮುಂದಿನ ಹಂಗಾಮಿಗೆ ನೋಡೋಣ ಎಂದರು. ಅಲ್ಲಿಯವರೆಗೆ ನಮ್ಮ ಗಟ ಆಫೀಸಿನ ರಿಜಿಸ್ಟರಿನಲ್ಲಿ ಲಿಫ್ಟ್ ಸೊಸೈಟಿಯ ಪಾಳಿ ಪಟ್ಟಿಯನ್ನು ಅಂಟಿಸಿ, ಪೆನ್ನಿನಿಂದ ಗೆರೆ ಎಳೆದುಕೊಂಡಿದ್ದೇವೆ. ನೀರು ಹಾಯ್ದು ಹದ ಬಂದಿದ್ದರೆ ಮಾತ್ರ ಚೀಲ ಒಡೆಯುವುದು. ಸಾಲು ಕೆಂಪಾದರೆ ಆಗಲಿ ಎಂದು ಚಿಟ್‌ಬಾಯ್‌ಗಳಿಗೆ ಹೇಳಿದ್ದೇನೆ, ಬೈಗುಳ ನನ್ನ ಹೆಸರಿಗೇ ಬರುತ್ತದೆ.

ಹಾರೆಯ ತೊಡಕು ಮಾತ್ರ ಬಗೆಹರಿದಿಲ್ಲ. ಮೇ ತಿಂಗಳ ಕಂತಿಗೆ ಆಳುಗಳು ಸಿಗದೆ ಕಾಕಾ ಅರ್ಧ ಹೊಲಕ್ಕೆ ತೂತು ಹಾಕಿಸಿ, ಉಳಿದದ್ದಕ್ಕೆ ಸಾಲಿನಲ್ಲಿ ಗೊಬ್ಬರ ಬಿಟ್ಟು ಮಣ್ಣು ಎಳೆಸಿದರು. ಬಾರಾಮತಿಯ ಕೇಂದ್ರ ಸಂಶೋಧನಾ ಸಂಸ್ಥೆ ರೂಪಿಸಿದ ಸಾರ್ಫ್ ಯಂತ್ರ ಕುಳೆಯ ಬುಡ ಸವರಿ, ಬೇರು ಕತ್ತರಿಸಿ, ಗೊಬ್ಬರವನ್ನು ಮಣ್ಣಿನೊಳಗೇ ಬಿಡುತ್ತದೆ. ಅದನ್ನು ಬಾಡಿಗೆಗೆ ತರಿಸಿದರೂ ಮೊದಲ ಕಂತಿಗಷ್ಟೇ ಆದೀತು. ಮೇ ತಿಂಗಳಲ್ಲಿ ಎದೆಯೆತ್ತರ ಬೆಳೆದ ಕಬ್ಬಿನೊಳಗೆ ಟ್ರ್ಯಾಕ್ಟರ್ ಇಳಿಯುವುದಿಲ್ಲ.