ಬಿಪಿ ಮಾತ್ರೆ ಕುಡಿತ ಬಿಡಿಸುತ್ತಾ?

ಬಸವನಗುಡಿಯಲ್ಲಿ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಅಲ್ಲಿ ದನಿ ತಗ್ಗಿಸಿ ಕೇಳುವ ಪ್ರಶ್ನೆ ಒಂದಿದೆ: "ಸಾರ್, ಬಿಪಿ ಮಾತ್ರೆ ಕೊಟ್ರೆ ಕುಡಿಯೋ ಚಟ ಹೋಗುತ್ತಂತೆ, ಖಿನ್ನತೆನೂ ಕಮ್ಮಿಯಾಗುತ್ತಂತೆ, ಹೌದಾ?" ಎಲ್ಲಾ ವಾಟ್ಸಾಪ್ ಮಹಿಮೆ. ಆದರೆ ಪೂರ್ತಿ ಬುರುಡೆಯೂ ಅಲ್ಲ.

ಬಿಪಿಗೆ ಕೊಡುವ ಅಮ್ಲೋಡಿಪಿನ್, ರಕ್ತನಾಳದ ಗೋಡೆಯಲ್ಲಿ ಕ್ಯಾಲ್ಸಿಯಂ ಒಳಬಿಡುವ ಬಾಗಿಲುಗಳನ್ನು, ಅಂದರೆ ಕ್ಯಾಲ್ಸಿಯಂ ಚಾನೆಲ್‌ಗಳನ್ನು ತಡೆಯುತ್ತದೆ. ನಾಳ ಸಡಿಲವಾಗಿ ಬಿಪಿ ಇಳಿಯುತ್ತದೆ. ಅದೇ ಜಾತಿಯ ಚಾನೆಲ್ ಮಿದುಳಿನಲ್ಲೂ ಇವೆ. ಅವುಗಳ ಮೂಲಕ ನರಕೋಶದೊಳಗೆ ಕ್ಯಾಲ್ಸಿಯಂ ಹೋದರೆ ಕೋಶಗಳ ನಡುವಿನ ಕೊಂಡಿ ಬದಲಾಗುತ್ತದೆ, ನೆನಪು ಗಟ್ಟಿಯಾಗುತ್ತದೆ. ಚಟದಲ್ಲಿ ಈ ನೆನಪಿನ ಪಾಲು ದೊಡ್ಡದು. ಬಾರ್ ಬೋರ್ಡ್ ಕಂಡರೆ ಸಾಕು, ಕಾಲು ತಾನಾಗೇ ಅತ್ತ ತಿರುಗುತ್ತದಲ್ವಾ? ಟೆಕ್ಸಾಸ್‌ನಲ್ಲಿ ಇಲಿಗಳಿಗೆ ಇಸ್ರಾಡಿಪಿನ್ ಎಂಬ ಬಿಪಿ ಔಷಧಿ ಕೊಟ್ಟಾಗ, ಕೊಕೇನ್ ಸಿಗುತ್ತಿದ್ದ ಕೋಣೆಯ ಸೆಳೆತವೇ ಹೋಯಿತು. ಸುದ್ದಿ ಹುಟ್ಟಿದ್ದು ಇಂಥ ಕಡೆಯಿಂದ. ಆದರೆ ಅವು ಇಲಿಗಳು, ನಿಮ್ಮ ಮನೆಯವರಲ್ಲ. ಅಮ್ಲೋಡಿಪಿನ್ ಮಿದುಳಿನೊಳಗೆ ಸರಿಯಾಗಿ ಹೋಗುವುದೂ ಇಲ್ಲ.

ಮನಸ್ಸಿನ ವಿಷಯಕ್ಕೆ ಬಂದರೆ, ಬೈಪೋಲಾರ್ (ಒಮ್ಮೆ ಉನ್ಮಾದ, ಒಮ್ಮೆ ಖಿನ್ನತೆ ಬರುವ ಕಾಯಿಲೆ), ಖಿನ್ನತೆ, ಸ್ಕಿಜೋಫ್ರೀನಿಯಾ (ಭ್ರಮೆಗಳು ಕಾಡುವ ಕಾಯಿಲೆ) ಸೇರಿ ಐದು ಕಾಯಿಲೆಗಳ 33,332 ರೋಗಿಗಳ ಜೀನ್ ನೋಡಿದ ಅಧ್ಯಯನ 2013ರಲ್ಲಿ ಬಂತು. ಕ್ಯಾಲ್ಸಿಯಂ ಚಾನೆಲ್‌ನ ಜೀನ್‌ಗಳು ಅಲ್ಲಿ ಎದ್ದು ಕಂಡವು. ಆದರೆ ಒಬ್ಬೊಬ್ಬರಲ್ಲಿ ಅದರ ಪಾತ್ರ ತೀರಾ ಚಿಕ್ಕದು. ಇದೇ ಚಾನೆಲ್ ತಡೆಯುವ ಇನ್ನೊಂದು ಬಿಪಿ ಔಷಧಿ ವೆರಾಪಮಿಲ್ ಅನ್ನು ಉನ್ಮಾದಕ್ಕೆ 1980ರ ದಶಕದಿಂದಲೇ ಕೊಟ್ಟು ನೋಡಿದ್ದಾರೆ. ಆದರೂ ಇವತ್ತಿಗೂ ಡಾಕ್ಟರ್ ಚೀಟಿಯಲ್ಲಿ ಬರುವುದು ಲಿಥಿಯಂನಂಥ ಬೇರೆ ಔಷಧಿಗಳೇ.

ತಮಾಷೆ ಅಂದರೆ, ನರನೋವಿಗೆ ಕೊಡುವ ಪ್ರಿಗ್ಯಾಬಲಿನ್ ನಿಜಕ್ಕೂ ಮಿದುಳಿನ ಕ್ಯಾಲ್ಸಿಯಂ ಚಾನೆಲ್ ಮೇಲೇ ಕೆಲಸ ಮಾಡುತ್ತದೆ. ಆ ಔಷಧಿಯದೇ ಚಟ ಹತ್ತಿಸಿಕೊಂಡವರಿದ್ದಾರೆ! ಬ್ರಿಟನ್ 2019ರಲ್ಲಿ ಅದಕ್ಕೆ ಕಡಿವಾಣ ಹಾಕಿತು.

ಇದಾದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ಗೊತ್ತಾಗದ ಹಾಗೆ ಸಾರಲ್ಲಿ ಕಲಸಿ ಕೊಡ್ಲಾ?" ಬೇಡಮ್ಮಾ. ಬಿಪಿ ಇಲ್ಲದವರಿಗೆ ತಲೆ ಸುತ್ತಿ ಬೀಳುವ ಹಾಗಾಗಬಹುದು, ಪಾದ ಊದಬಹುದು. ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಮ್ ಮಾತ್ರೆಯನ್ನು ಹೀಗೆ ಕದ್ದು ಕೊಟ್ಟರಂತೂ, ಅದರ ಮೇಲೆ ಕುಡಿದವರ ಪ್ರಾಣಕ್ಕೇ ಕುತ್ತು. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೂ ಫಿಟ್ಸ್ ಬರಬಹುದು, ಡಾಕ್ಟರ್ ಇಲ್ಲದೆ ಆ ಸಾಹಸ ಬೇಡ.

ಕುಡಿತಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಅಂತ ಬೇರೆ ಔಷಧಿಗಳೇ ಇವೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ. ಕರೆದರೆ ಬರಲ್ಲ ಅಂತಾರಾ? ಮೊದಲು ನೀವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.